ಕೆಳಗಿನ ಗದ್ದೆಗೆ ಎಷ್ಟು ಸುಣ್ಣ

ಬೋರ್ಡೋ ಕಲಸುವ ಬಕೆಟಿನಲ್ಲಿ ಕೆಸರು ಕಂಡು ನೀಲಾವತಿ ಒಂದು ಗಳಿಗೆ ನಿಂತೇಬಿಟ್ಟಳು. ಆ ಬಕೆಟನ್ನು ಮನೆಯಲ್ಲಿ ಯಾರೂ ಮುಟ್ಟುವ ಹಾಗಿರಲಿಲ್ಲ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಾರದ ಹಾಗೆ ಹೊಡೆಯುವ ಮೈಲುತುತ್ತು-ಸುಣ್ಣದ ಮದ್ದಿನ ಹದವನ್ನು ಅವಳ ಗಂಡ ಕುಕ್ಕಪ್ಪ ಅದರಲ್ಲೇ ನೋಡುತ್ತಿದ್ದ. ಒಮ್ಮೆ ಅವಳು ಅದರಲ್ಲಿ ಬಟ್ಟೆ ನೆನೆಹಾಕಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದ ಮನುಷ್ಯ, ಈಗ ತಾನೇ ಕೆಳಗಿನ ಗದ್ದೆಯ ಮಣ್ಣು ತಂದು ಅದಕ್ಕೆ ಸುರಿದು, ನೀರು ಹೊಯ್ದು, ಅಂಗಳದ ತುದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಕೋಲಿನಿಂದ ತಿರುಗಿಸುತ್ತಿದ್ದ.

"ಇದೆಂತ ಮಾಡುದು ನೀವು?"

"ಮಣ್ಣಿಗೆ ಹುಳಿ ಉಂಟಂತಲ್ಲ ನಿನ್ನ ಸೊಸೆ ಹೇಳುದು. ಎಷ್ಟು ಉಂಟು ಅಂತ ನೋಡುವ."

ಹುಳಿಯ ವಿಷಯ ಕಳೆದ ಬೇಸಗೆಯಿಂದ ಮನೆಯೊಳಗೆ ಸುತ್ತುತ್ತಿತ್ತು. ಕೆಳಗಿನ ಗದ್ದೆ ಹಿಂದೆ ಭತ್ತದ್ದು. ಆಮೇಲೆ ಅಡಿಕೆ ಇಟ್ಟದ್ದು ಹಳದಿ ರೋಗಕ್ಕೆ ಹೋಗಿ, ಕೆಲವು ವರ್ಷ ಬರೀ ಹುಲ್ಲು. ಸೊಸೆ ದೀಕ್ಷಿತಾ ಬಂದ ಮೇಲೆ ಅದರಲ್ಲಿ ಅಲಸಂಡೆ ಹಾಕಿದಳು. ಆಲಂಕಾರಿನ ತವರಿನಲ್ಲಿ ಅಪ್ಪನ ಜೊತೆ ತರಕಾರಿ ಮಾಡಿ ಅಂಗಡಿಗಳಿಗೆ ಕೊಟ್ಟು ಅಭ್ಯಾಸವಿದ್ದ ಹುಡುಗಿ. ಹಟ್ಟಿಗೊಬ್ಬರ ಹೊತ್ತಳು, ಚಪ್ಪರ ಕಟ್ಟಿದಳು, ಸಂಜೆ ಸಂಜೆ ನೀರು ಬಿಟ್ಟಳು. ಬಳ್ಳಿ ಮಾತ್ರ ಮೊಣಕಾಲೆತ್ತರಕ್ಕೆ ಬಂದು ನಿಂತಿತು. ಎಲೆ ಹಳದಿ, ಕಾಯಿ ಮುರುಟು. ಅದನ್ನು ಪಲ್ಯ ಮಾಡಿ ಬಡಿಸಿದ ದಿನ ಕುಕ್ಕಪ್ಪ ಒಂದು ತುಂಡನ್ನು ಬಾಳೆಲೆಯ ಬದಿಗೆ ಸರಿಸಿ, ಇದನ್ನು ಕಾಗೆಗೆ ಇಟ್ಟರೆ ಪಿತೃಗಳಿಗೂ ಬೇಸರ ಬಂದೀತು ಎಂದಿದ್ದ.

ಆಮೇಲೆ ಮಹಿಳಾ ಸಂಘದ ಸಭೆಗೆ ಬಂದ ಯಾರೋ ಒಬ್ಬರು ಮಣ್ಣನ್ನು ಸಣ್ಣ ಯಂತ್ರದಲ್ಲಿ ನೋಡಿ, ಇದು ಹುಳಿ ಮಣ್ಣು, ಸುಣ್ಣ ಹಾಕಿ ಎಂದರು. ಎಷ್ಟು ಎಂದು ದೀಕ್ಷಿತಾ ಕೇಳುವಷ್ಟರಲ್ಲಿ ಚಹಾ ಬಂತು, ಅವರಿಗೆ ಬೇರೆ ಸಭೆಗೆ ಹೊತ್ತಾಯಿತು. ಅಲ್ಲಿಂದ ಶುರುವಾಯಿತು ಗೊಂದಲ. ಐವರ್ನಾಡಿನ ಗೊಬ್ಬರದಂಗಡಿಯ ಸಮದ್, ಬುಡಕ್ಕೊಂದು ಮುಷ್ಟಿ ಸಾಕು ಎಂದ. ದೀಕ್ಷಿತಾಳ ಅಪ್ಪ, ಗದ್ದೆ ಮಂಜು ಬಿದ್ದ ಹಾಗೆ ಬೆಳ್ಳಗೆ ಕಾಣುವಷ್ಟು ಎಂದರು. ಮೊಬೈಲಿನಲ್ಲಿ ಮಾತಾಡುವವನೊಬ್ಬ ಎಕರೆಗೆ ಟನ್ನುಗಟ್ಟಲೆ ಎಂದ. ಇದ್ದದ್ದು ಕಾಲು ಎಕರೆ ಗದ್ದೆ, ಮಾತಿಗೊಂದು ಅಳತೆ.

ಕುಕ್ಕಪ್ಪ ಕೊಟ್ಟ ವಾಯಿದೆಯಲ್ಲಿ ಮಾತ್ರ ಗೊಂದಲವಿರಲಿಲ್ಲ. "ಈ ಬೇಸಗೆ ಒಂದು ನೋಡುವ. ಆಗದಿದ್ರೆ ಮಳೆಗೆ ರಬ್ಬರ್ ಇಡುದು." ನರ್ಸರಿಗೆ ಗಿಡಕ್ಕೂ ಹೇಳಿಟ್ಟಿದ್ದ.

'ನೋಡುವ' ಎಂಬ ಮಾತಿನ ತೂಕ ನೀಲಾವತಿಗೆ ಗೊತ್ತಿತ್ತು. ಮದುವೆಯಾದ ಮರುವರ್ಷ ಅದೇ ಗದ್ದೆಯ ಒಂದು ಮೂಲೆ ಮಲ್ಲಿಗೆಗೆ ಸಿಕ್ಕೀತೇ ಎಂದು ಅವಳು ಕೇಳಿದ್ದಳು. ನೋಡುವ ಎಂದಿದ್ದ. ಆ ಮಳೆಗಾಲ ಅಡಿಕೆ ಸಸಿ ಬಂತು. ಅವಳು ಮತ್ತೆ ಕೇಳಲಿಲ್ಲ, ಅವನೂ ಹೇಳಲಿಲ್ಲ. ಈಗ ಮಗಳಿಲ್ಲದ ಮನೆಗೆ ಬಂದ ಸೊಸೆ ಅಲ್ಲಿಯೇ ಗುದ್ದಲಿ ಹಿಡಿದು ನಿಂತದ್ದನ್ನು ನೋಡುವಾಗೆಲ್ಲ ನೀಲಾವತಿಗೆ, ಈ ಸಲವಾದರೂ ಆ ಗದ್ದೆ ಕೈ ತಪ್ಪಬಾರದು ಅನ್ನಿಸುತ್ತಿತ್ತು. ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ.

ಕುಕ್ಕಪ್ಪ ಜೇಬಿನಿಂದ ಲಿಟ್ಮಸ್ ಕಾಗದ ತೆಗೆದ. ಬೋರ್ಡೋ ವಿಷಯದಲ್ಲಿ ಊರಲ್ಲಿ ಅವನ ಮೇಲೆ ಮಾತಿಲ್ಲ. ಮೈಲುತುತ್ತಿಗೆ ಸುಣ್ಣ ಕಡಿಮೆಯಾದರೆ ಮದ್ದಿಗೆ ಹುಳಿ ಉಳಿದು ಅಡಿಕೆ ಕಾಯಿ ಕರಟುತ್ತದೆ. ನೀಲಿ ಕಾಗದ ಅದ್ದಬೇಕು, ಕೆಂಪಾದರೆ ಇನ್ನಷ್ಟು ಸುಣ್ಣ ಬಿಡಬೇಕು, ಕೆಂಪಾಗುವುದು ನಿಂತಲ್ಲಿಗೆ ಹದ. ಅಕ್ಕಪಕ್ಕದ ತೋಟದವರೂ ಬಂದು ಅವನನ್ನು ಕರೆದುಕೊಂಡು ಹೋಗಿ ಹದ ಕೇಳುತ್ತಿದ್ದರು. ಆ ಬಕೆಟಿನ ವಿದ್ಯೆಯೇ ಮಣ್ಣಿಗೂ ಸಾಕೆಂದು ಅವನ ಲೆಕ್ಕ.

ಕೆಸರಿಗೆ ಅದ್ದಿದ ಕಾಗದ ಕೆಂಪಾಯಿತು. ಚಿಪ್ಪಿನ ಸುಣ್ಣ ಒಂದು ಚಮಚ ಹಾಕಿ ತಿರುಗಿಸಿದ, ಮತ್ತೆ ಅದ್ದಿದ. ಕಾಗದ ನೀಲಿಯಾಗಿಯೇ ಉಳಿಯಿತು.

"ಇಷ್ಟೇ. ಇದಕ್ಕೆ ಟನ್ನಂತೆ ಗಿನ್ನಂತೆ." ಗದ್ದೆಯ ಮೇಲಿನ ಗೇಣು ಮಣ್ಣು ಎಷ್ಟು ಬಕೆಟಾದೀತು ಎಂದು ಬಾಯಲ್ಲೇ ಗುಣಿಸಿ, ಅರ್ಧ ಚೀಲ ಸುಣ್ಣ ಎಂದು ತೀರ್ಮಾನ ಕೊಟ್ಟ.

ಹಟ್ಟಿಯಿಂದ ಹಾಲು ಹಿಡಿದುಕೊಂಡು ಬರುತ್ತಿದ್ದ ದೀಕ್ಷಿತಾ ಕೇಳಿಸಿಕೊಂಡು ನಿಂತಳು. ಅವಳು ಅದಾಗಲೇ ಕೆಳಗಿನ ಗದ್ದೆಯ ಮಣ್ಣು ಒಂದು ಕಟ್ಟು, ಅದರ ಮೇಲಿನ ಮುರಕಲ್ಲು ದಿಣ್ಣೆಯ ಕೆಂಪು ಜಂಬಿಟ್ಟಿಗೆ ಮಣ್ಣು ಒಂದು ಕಟ್ಟು ಮಾಡಿ ಪುತ್ತೂರಿನ ಮಣ್ಣುಪರೀಕ್ಷೆಗೆ ಕೊಟ್ಟು ಬಂದಿದ್ದಳು. ಅದರ ಉತ್ತರ ಬರಬೇಕಷ್ಟೆ.

"ಆಗಲಿ ಮಾವ," ಎಂದು ಒಳಗೆ ಹೋದಳು.

ಬಕೆಟನ್ನು ಚೆಲ್ಲಲು ಕುಕ್ಕಪ್ಪ ಹೇಳಲಿಲ್ಲ. ಅವನದ್ದಾದ್ದರಿಂದ ನೀಲಾವತಿಯೂ ಚೆಲ್ಲಲಿಲ್ಲ. ಬಚ್ಚಲಿನ ಮಾಡಿನಡಿ ಸರಿಸಿಟ್ಟಳು. ಎರಡು ದಿನ ಕಳೆದು ಬಚ್ಚಲೊಲೆಗೆ ಬೆಂಕಿ ಮಾಡಲು ಹೋದವಳಿಗೆ ಕಿಟಕಿಯಲ್ಲಿ ಸಿಕ್ಕಿಸಿಟ್ಟ ಲಿಟ್ಮಸ್ ಕಾಗದದ ಕಟ್ಟು ಕಂಡಿತು. ಎಂಥದೋ ಕುತೂಹಲ. ಒಂದು ಚೂರು ಹರಿದು ಅದ್ದಿದಳು.

ಕೆಂಪು.

ತನ್ನ ಕೈಯಲ್ಲಿ ಹುಳಿ ಇತ್ತೋ ಏನೋ ಎಂದು ಕೈ ತೊಳೆದು ಬಂದು ಇನ್ನೊಂದು ಅದ್ದಿದಳು. ಅದೂ ಕೆಂಪು. ಮೊನ್ನೆ ನೀಲಿ, ಇಂದು ಕೆಂಪು, ಬಕೆಟು ಅದೇ, ಮಣ್ಣು ಅದೇ. ಗಂಡನಿಗೆ ಹೇಳಿದರೆ, ನೀನು ಯಾಕೆ ಮುಟ್ಟಿದ್ದು ಎಂಬಲ್ಲಿಂದ ಶುರುವಾಗುತ್ತದೆ. ಸೊಸೆಗೆ ಹೇಳಿದರೆ ಗಂಡನ ಹದ ತಪ್ಪಿತೆಂದು ಹೇಳಿದ ಹಾಗೆ. ಅವಳು ಎಲೆಯಡಿಕೆಯ ಡಬ್ಬಿಯಿಂದ ಬೆರಳ ತುದಿಯಲ್ಲಿ ಒಂದಷ್ಟು ಸುಣ್ಣ ತೆಗೆದು ಬಕೆಟಿಗೆ ಹಾಕಿ ತಿರುಗಿಸಿದಳು. ಕಾಗದ ನೀಲಿ ನಿಂತಿತು. ಸಮಾಧಾನವಾಯಿತು. ಮತ್ತೆ ಎರಡು ದಿನಕ್ಕೆ ನೋಡಿದರೆ ಕೆಂಪು.

ಪುತ್ತೂರಿನ ಉತ್ತರವನ್ನು ಮಗ ರೂಪೇಶ ತಂದ. ಅವನದ್ದು ಬಾಡಿಗೆ ಪಿಕಪ್, ಆ ದಿಕ್ಕಿಗೆ ವಾರದಲ್ಲಿ ನಾಲ್ಕು ಸಲ ಹೋಗುತ್ತಾನೆ. ರಾತ್ರಿ ಊಟಕ್ಕೆ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. ಮೀನಿದ್ದ ದಿನ ಅಪ್ಪ ಸಮಾಧಾನದಲ್ಲಿರುತ್ತಾನೆಂಬ ಧೈರ್ಯದಲ್ಲಿ ರೂಪೇಶ ಅಲ್ಲಿಯೇ ಓದಿದ. ಕೆಳಗಿನ ಗದ್ದೆಗೆ ಎಂಟು ಚೀಲ ಸುಣ್ಣ ಬೇಕು. ಒಮ್ಮೆಲೇ ಬೇಡ, ಈ ವರ್ಷ ನಾಲ್ಕು, ಬರುವ ವರ್ಷ ನಾಲ್ಕು. ಮೇಲಿನ ದಿಣ್ಣೆಯ ಅಷ್ಟೇ ಜಾಗಕ್ಕೆ ಎಲ್ಲ ಸೇರಿ ನಾಲ್ಕೇ ಚೀಲ.

ಕುಕ್ಕಪ್ಪ ಮೀನಿನ ಮುಳ್ಳು ಬಿಡಿಸುವುದನ್ನು ನಿಲ್ಲಿಸಿದ. "ಎರಡು ಕಡೆದು ಹುಳಿ ಎಷ್ಟೆಷ್ಟು ಉಂಟು?"

"ಒಂದೇ ಉಂಟು ಅಪ್ಪ. ನಂಬ್ರ ಎರಡಕ್ಕೂ ಒಂದೇ."

"ಜ್ವರ ಒಂದೇ, ಮದ್ದು ಒಬ್ಬನಿಗೆ ನಾಲ್ಕು ಗುಳಿಗೆ, ಇನ್ನೊಬ್ಬನಿಗೆ ಎಂಟು? ಇದು ಯಾವ ಊರಿನ ಡಾಕ್ಟ್ರು ಮಾರಾಯ?"

ದೀಕ್ಷಿತಾ ಬಡಿಸುತ್ತಿದ್ದವಳು, ಮಣ್ಣುಪರೀಕ್ಷೆಯ ತನ್ಮಯೀ ಮೇಡಂ ಫೋನಿನಲ್ಲಿ ಹೇಳಿದ್ದನ್ನು ಹೇಳಲು ನೋಡಿದಳು. ನೀರಿನಲ್ಲಿ ಕಾಣುವ ಹುಳಿ ಬೇರೆಯಂತೆ, ಮಣ್ಣು ಒಳಗೆ ಹಿಡಿದಿಟ್ಟುಕೊಂಡ ಹುಳಿ ಬೇರೆಯಂತೆ. ಗದ್ದೆಯ ಕಪ್ಪು ಜಿಗಟು ಮಣ್ಣು ಹೆಚ್ಚು ಹಿಡಿದಿಡುತ್ತದಂತೆ, ದಿಣ್ಣೆಯ ಮುರಕಲ್ಲು ಮಣ್ಣಿಗೆ ಅಷ್ಟು ಶಕ್ತಿ ಇಲ್ಲವಂತೆ. ಅವರು ಬೇರೆ ಏನೋ ದ್ರಾವಣ ಸೇರಿಸಿ ಒಳಗಿನದ್ದನ್ನು ಅಳೆಯುವುದಂತೆ.

"ಅಂತೆ, ಅಂತೆ," ಎಂದ ಕುಕ್ಕಪ್ಪ. "ನಾನು ಕಣ್ಣಲ್ಲಿ ನೋಡಿದ್ದೇನೆ. ಒಂದು ಚಮಚಕ್ಕೆ ನಿಂತಿದೆ. ಆಲಂಕಾರಿನ ಮಣ್ಣಲ್ಲಿ ಒಳಗೊಂದು ಹೊರಗೊಂದು ಇರಬಹುದು. ಇಲ್ಲಿ ಇಲ್ಲ."

ದೀಕ್ಷಿತಾ ಸಾರಿನ ಪಾತ್ರೆಯನ್ನು ಕೆಳಗಿಟ್ಟಳು.

ರೂಪೇಶ ಎರಡು ಕಡೆಗೂ ನೋಡಿ, "ಅಪ್ಪನದ್ದು ಅರ್ಧ, ಅವರದ್ದು ಎಂಟು. ನಡುವಲ್ಲಿ ಒಂದು ನಾಲ್ಕು ಹಾಕುವ. ಯಾರಿಗೂ ಬೇಜಾರು ಬೇಡ," ಎಂದ.

"ನೀನು ಎಂತ ಪಂಚಾಯ್ತಿಕೆ ಮಾಡುದಾ?" ಅಪ್ಪ ಅವನ ಕಡೆ ತಿರುಗಿದ. "ಎರಡು ವರ್ಷ ಸುಣ್ಣ ತಿಂದ ಜಾಗದಲ್ಲಿ ಮತ್ತೆ ರಬ್ಬರ್ ಎಲ್ಲಿ ಏಳ್ತದೆ? ರಬ್ಬರಿಗೆ ಹುಳಿ ಮಣ್ಣೇ ಆಗ್ಬೇಕು."

ಹೇಳಿಯಾದ ಮೇಲೆ ಅವನು ಬೇಗ ಬೇಗ ಉಣ್ಣತೊಡಗಿದ. ಬಾಗಿಲ ಬಳಿ ಕೂತಿದ್ದ ನೀಲಾವತಿಗೆ ಆಗ ಅರ್ಥವಾಯಿತು. ಅರ್ಧ ಚೀಲ ಹಾಕಿದರೆ ಗದ್ದೆ ಒಂದು ಬೇಸಗೆಗೆ ದೀಕ್ಷಿತಾಳದ್ದು. ಎಂಟು ಚೀಲ ಹಾಕಿದರೆ ರಬ್ಬರಿಗೆ ಅಲ್ಲಿ ಜಾಗವಿಲ್ಲ. ಗಂಡ ಬೇಕೆಂದೇ ಅರ್ಧ ಎಂದನೋ, ಬಕೆಟು ನೋಡಿ ನಿಜವಾಗಿ ನಂಬಿ ಎಂದನೋ, ಅದು ಮಾತ್ರ ತಿಳಿಯಲಿಲ್ಲ. ಬಹುಶಃ ಅವನಿಗೂ ತಿಳಿದಿರಲಿಲ್ಲ.

"ಆಗಲಿ ಮಾವ. ನೀವು ಹೇಳಿದಷ್ಟೇ ಹಾಕುವ," ಎಂದಳು ದೀಕ್ಷಿತಾ.

ಆಮೇಲಿನ ದಿನಗಳಲ್ಲಿ ಮನೆಯಲ್ಲಿ ಜಗಳವೆಂಬುದು ಇರಲಿಲ್ಲ. ಅದೇ ನೀಲಾವತಿಗೆ ಹೆಚ್ಚು ಕಷ್ಟವಾದದ್ದು. ಬೆಳಗ್ಗೆ ನೀರುದೋಸೆ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಹಟ್ಟಿ ಗುಡಿಸಿರುತ್ತಿತ್ತು, ಕೇಳಿದ್ದಕ್ಕೆಲ್ಲ ಸೊಸೆ ಹೂಂ ಎನ್ನುತ್ತಿದ್ದಳು. ತಾನಾಗಿ ಒಂದು ಮಾತಿಲ್ಲ. ಅಲಸಂಡೆ ಬೀಜದ ಡಬ್ಬಿಯನ್ನು ಕಪಾಟಿನ ಮೇಲಿನ ಹಲಗೆಗೆ ಏರಿಸಿಟ್ಟಿದ್ದಳು. ಗದ್ದೆಯ ಕಡೆಗೆ ಹೋಗುವುದನ್ನೂ ಬಿಟ್ಟಳು. ಸವಣೂರಿನ ಬಟ್ಟೆಯಂಗಡಿಯಲ್ಲಿ ಲೆಕ್ಕಕ್ಕೆ ಜನ ಬೇಕಂತೆ, ಬೆಳಗ್ಗಿನ ಬಸ್ಸಿಗೆ ಹೋಗಿ ಸಂಜೆ ಬರಬಹುದು ಎಂದು ರೂಪೇಶನ ಹತ್ತಿರ ಹೇಳಿದಳಂತೆ. ಅವನು ಅದನ್ನು ಅಮ್ಮನಿಗೆ ಹೇಳಿದ. ಅಮ್ಮ ಅಪ್ಪನಿಗೆ ಹೇಳಿದಳು. ಕುಕ್ಕಪ್ಪ ತಾಂಬೂಲ ಉಗಿದು ಬಂದು, "ಒಳ್ಳೆದೇ ಅಲ್ವಾ," ಎಂದ.

ಅವನಲ್ಲೂ ಏನೋ ಸರಿಯಿರಲಿಲ್ಲ. ಅರ್ಧ ಚೀಲವೇ ಸಾಕೆಂದವನು ಆ ಅರ್ಧ ಚೀಲವನ್ನೂ ತರಿಸಲಿಲ್ಲ. ಸಮದನ ಅಂಗಡಿಗೆ ಹೋಗಿ ಕೂತು ಬಂದ. ಸುಣ್ಣ ಜಾಸ್ತಿಯಾದರೂ ಗಿಡಕ್ಕೆ ಕೇಡೇ ಗೌಡ್ರೆ, ಕಡಿಮೆಯಾದರೂ ಕೇಡೇ, ನಾನು ಮಾರುವವ, ನನ್ನ ಹತ್ರ ಕೇಳ್ಬೇಡಿ ಎಂದನಂತೆ ಸಮದ್. ಅದನ್ನು ಮನೆಗೆ ಬಂದು ಎರಡು ಸಲ ಹೇಳಿದ.

ನೀಲಾವತಿ ಬಕೆಟಿನ ಗುಟ್ಟನ್ನು ಬಿಡಲಿಲ್ಲ. ಅದ್ದುವುದು, ಕೆಂಪಾದರೆ ಬೆರಳ ತುದಿಯಷ್ಟು ಸುಣ್ಣ, ಮತ್ತೆ ಅದ್ದುವುದು. ಒಂದು ದಿನ ಅವಳು ಹಾಕಿದ್ದಕ್ಕಿಂತ ಕೆಸರು ಬೆಳ್ಳಗಿದೆ ಎನ್ನಿಸಿತು. ತನ್ನ ಕಣ್ಣೇ ಮಂಜಾಯಿತೋ ಎಂದುಕೊಂಡಳು. ಎರಡು ದಿನ ಕಳೆದಾಗ ಅದೂ ಕೆಂಪು ತೋರಿಸಿತು.

ಹಿಂಗಾರು ಮಳೆ ನಿಲ್ಲುತ್ತ ಬಂದಿತ್ತು. ಮಣ್ಣಿನಲ್ಲಿ ಪಸೆ ಇರುವಾಗಲೇ ಸುಣ್ಣ ಬೀಳಬೇಕು, ಬಿತ್ತುವ ಮೊದಲು ಕೆಲವು ವಾರ ಕೊಡಬೇಕು. ಇನ್ನು ತಡವಾದರೆ ಈ ಬೇಸಗೆ ಹೋದ ಹಾಗೆ. ಅದು ಎಲ್ಲರಿಗೂ ಗೊತ್ತಿತ್ತು, ಯಾರೂ ಆಡಲಿಲ್ಲ.

ಒಂದು ಭಾನುವಾರ ಬೆಳಗ್ಗೆ ದೋಸೆಯ ಹೊತ್ತಿಗೆ ಕುಕ್ಕಪ್ಪ ಬಕೆಟು ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೇ ಬಂದ. ಕೈಯಲ್ಲಿ ಕೆಂಪು ಕಾಗದ.

"ದೀಕ್ಷಿತಾ, ಇದಕ್ಕೆ ಎಂತ ಹಿಂಡಿದ್ದು?"

ಕಾವಲಿಯ ಮುಂದಿದ್ದ ದೀಕ್ಷಿತಾಳಿಗೆ ತಲೆಬುಡ ಗೊತ್ತಾಗಲಿಲ್ಲ. "ಎಂತ ಮಾವ?"

"ಬಿಂಬುಳಿ ಹಿಂಡಿದ್ದಾ, ಪುನರ್ಪುಳಿ ನೀರು ಹೊಯ್ದದ್ದಾ? ನನ್ನ ಲೆಕ್ಕ ತಪ್ಪು ಅಂತ ತೋರಿಸ್ಬೇಕಿದ್ರೆ ಬಾಯಲ್ಲಿ ಹೇಳು. ಹೀಗೆ ಕದ್ದು ಹುಳಿ ಹಾಕುದು ಬೇಡ."

"ನಾನು ಆ ಬಕೆಟನ್ನು ಮುಟ್ಲೇ ಇಲ್ಲ."

"ಮತ್ತೆ ತನ್ನಿಂತಾನೇ ಹುಳಿಯಾಯ್ತಾ ಇದು, ಮೊಸರಿನ ಹಾಗೆ?"

ರೂಪೇಶ ತಟ್ಟೆ ಬಿಟ್ಟು ಎದ್ದ. "ಅಪ್ಪ, ಅವಳು ಹಾಗೆ ಮಾಡುವವಳಲ್ಲ," ಎಂದ. ಕಾವಲಿಯಲ್ಲಿ ದೋಸೆ ಸೀಯುವ ವಾಸನೆ ಬಂತು. ದೀಕ್ಷಿತಾ ಅದನ್ನು ತೆಗೆಯಲೂ ಇಲ್ಲ, ಕಣ್ಣು ಒರೆಸಲೂ ಇಲ್ಲ.

"ನಾನು ಹಾಕಿದ್ದು," ಎಂದಳು ನೀಲಾವತಿ.

ಕುಕ್ಕಪ್ಪ ತಿರುಗಿದ. "ಹುಳಿಯಾ?"

"ಹುಳಿ ಅಲ್ಲ. ಸುಣ್ಣ. ನೀವು ನೋಡಿ ಇಟ್ಟದ್ದು ಎರಡು ದಿನದಲ್ಲಿ ಕೆಂಪಾಯ್ತು. ನಾನು ಸ್ವಲ್ಪ ಸುಣ್ಣ ಹಾಕಿದೆ. ಮತ್ತೆ ಕೆಂಪಾಯ್ತು. ಮತ್ತೆ ಹಾಕಿದೆ."

ಅವನು ಬಕೆಟನ್ನು ಹೊಸ್ತಿಲ ಹೊರಗೆ ಇಟ್ಟ. "ಎಷ್ಟು ಹಾಕಿದಿ?"

"ಯಾರು ಲೆಕ್ಕ ಇಟ್ಟದ್ದು? ನೋಡಿದಾಗೆಲ್ಲ ಬೆರಳಲ್ಲಿ."

"ಸುಣ್ಣವೇ?"

"ಎಲೆಗೆ ಹಾಕುವ ಸುಣ್ಣವೇ. ಡಬ್ಬಿ ಖಾಲಿಯಾದ್ದು ನೋಡ್ಲಿಲ್ವಾ ನೀವು?"

ಕುಕ್ಕಪ್ಪ ಹೊಸ್ತಿಲಲ್ಲಿ ಕೂತ. ಕಾಗದವನ್ನು ಅತ್ತ ಇತ್ತ ತಿರುಗಿಸಿದ. ಆಮೇಲೆ ಯಾರ ಮುಖವನ್ನೂ ನೋಡದೆ, "ನಾನೂ ಹಾಕಿದ್ದೇನೆ," ಎಂದ. "ಸಂಜೆ ಸಂಜೆ. ಚಮಚದಲ್ಲಿ. ಅಷ್ಟು ಹಾಕಿದ್ರೂ ಕೆಂಪಾಗುವಾಗ ಯಾರೋ ಹುಳಿ ಹಿಂಡುದು ಅಂತ ಅನ್ನಿಸಿತು."

ರೂಪೇಶನಿಗೆ ನಗು ಬಂತು, ನುಂಗಿಕೊಂಡ. ನೀಲಾವತಿಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಬೆಳಗ್ಗೆ ಅವಳು, ಸಂಜೆ ಅವನು, ಒಂದೇ ಬಕೆಟಿಗೆ, ಒಬ್ಬರಿಗೊಬ್ಬರು ಹೇಳದೆ. ಇಬ್ಬರ ಸುಣ್ಣವನ್ನೂ ತಿಂದು ಆ ಮಣ್ಣು ಮತ್ತೆ ಹುಳಿಯಾಗಿಯೇ ಕೂತಿದೆ.

"ಹಾಗಾದ್ರೆ ಅಷ್ಟು ಸುಣ್ಣ ಎಲ್ಲಿಗೆ ಹೋಯ್ತು?" ಎಂದು ಕುಕ್ಕಪ್ಪ ಬಕೆಟನ್ನೇ ಕೇಳುವವನಂತೆ ಕೇಳಿದ.

ದೀಕ್ಷಿತಾ ಸೀದ ದೋಸೆ ಎಬ್ಬಿಸಿ ಬದಿಗಿಟ್ಟಳು. "ತನ್ಮಯೀ ಮೇಡಂ ಹೇಳಿದ್ದು ಅದೇ ಮಾವ. ಮೇಲಿಂದ ಸರಿಯಾದ ಹಾಗೆ ಕಾಣ್ತದೆ. ಒಳಗಿಂದು ನಿಧಾನಕ್ಕೆ ಹೊರಗೆ ಬರ್ತದೆ. ಬಂದಷ್ಟಕ್ಕೂ ಸುಣ್ಣ ಬೇಕು." ಕಾವಲಿಗೆ ಇನ್ನೊಂದು ದೋಸೆ ಹೊಯ್ದು, "ನಂಗೂ ಪೂರ್ತಿ ಅರ್ಥ ಆಗಿಲ್ಲ," ಎಂದಳು.

ಬಹಳ ದಿನಗಳ ಮೇಲೆ ಅವಳಾಗಿ ಆಡಿದ ಮಾತು. ಕುಕ್ಕಪ್ಪ ಕೇಳಿಸಿಕೊಂಡ, ಅಂತೆಯೆಂದು ಹಂಗಿಸಲಿಲ್ಲ. ಬಿಂಬುಳಿಯ ಮಾತಿಗೆ ಏನಾದರೂ ಹೇಳುತ್ತಾನೋ ಎಂದು ನೀಲಾವತಿ ಕಾದಳು. ಹೇಳಲಿಲ್ಲ. ಎದ್ದು ಕೈ ತೊಳೆದುಕೊಂಡು ಬಂದು ತಟ್ಟೆಯ ಮುಂದೆ ಕೂತ. ಸೀದ ದೋಸೆಯನ್ನೇ ಎಳೆದುಕೊಂಡ.

"ಅದು ಬೇಡ ಮಾವ, ಬೇರೆ ಕೊಡ್ತೇನೆ."

"ಇರಲಿ."

ಚಟ್ನಿಗೆ ಅದ್ದಿ ತಿಂದ. ಮುಗಿಯುವ ಹೊತ್ತಿಗೆ ರೂಪೇಶ ಮೆಲ್ಲಗೆ, ಪಿಕಪ್ ನಾಳೆ ಖಾಲಿ ಇದೆ, ಸುಣ್ಣ ತರುವುದಾದರೆ ಎಷ್ಟು ಎಂದು ಕೇಳಿದ.

"ನೋಡುವ," ಎಂದ ಕುಕ್ಕಪ್ಪ.

ನೀಲಾವತಿ ಚೊಂಬನ್ನು ಸಶಬ್ದವಾಗಿ ಇಟ್ಟಳು. "ನೋಡುವ ಅಂದ್ರೆ ಎಂತ?"

ಮೂವರೂ ಅವಳನ್ನು ನೋಡಿದರು. ಅವಳ ದನಿ ಏರಿರಲಿಲ್ಲ. ಅಕ್ಕಿ ಎಷ್ಟು ಹಾಕಲಿ ಎಂದು ಕೇಳುವ ದನಿ.

"ಆಗ್ತದೆ ಅಂತಲಾ, ಆಗುದಿಲ್ಲ ಅಂತಲಾ? ನಂಗೆ ಈ ಮನೆಗೆ ಬಂದಂದಿನಿಂದ ಅದು ಗೊತ್ತಾಗ್ಲೇ ಇಲ್ಲ. ಇವತ್ತು ಹೇಳಿ."

ಕುಕ್ಕಪ್ಪನಿಗೆ ಮಲ್ಲಿಗೆ ನೆನಪಾಯಿತೋ ಇಲ್ಲವೋ, ಅದನ್ನು ಮುಖ ನೋಡಿ ಹೇಳುವ ಹಾಗಿರಲಿಲ್ಲ. ನೀರು ಕುಡಿದ. ಎದ್ದ. ಮುಂಡಾಸು ಸುತ್ತಿಕೊಂಡು ಅಂಗಳಕ್ಕಿಳಿದವನು ತೋಟದ ಕಡೆಗೆ ಹೋಗದೆ ಹಟ್ಟಿಯ ಪಕ್ಕದ ಸಾಮಾನಿನ ಕೊಟ್ಟಗೆಗೆ ಹೋದ. ಒಳಗೆ ಏನನ್ನೋ ಎಳೆಯುವ, ಜರುಗಿಸುವ ಸದ್ದು ಮಧ್ಯಾಹ್ನದವರೆಗೂ ಕೇಳುತ್ತಿತ್ತು.

ಗಂಜಿಗೆ ಕರೆಯಲು ಹೋದ ನೀಲಾವತಿ ಬಾಗಿಲಲ್ಲಿ ನಿಂತು ನೋಡಿದಳು. ಮುರಿದ ಏಣಿ, ಹಳೆಯ ಪೈಪು ಎಲ್ಲ ಒಂದು ಮೂಲೆಗೆ ಹೋಗಿತ್ತು. ಗೋಡೆಯಿಂದ ಒಂದಷ್ಟು ದೂರಕ್ಕೆ, ನೆಲದ ಪಸೆ ತಾಗದ ಹಾಗೆ, ಕಲ್ಲಿನ ಮೇಲೆ ಎರಡು ಹಲಗೆ ಜೋಡಿಸಿದ್ದ.

"ಇದೆಂತಕ್ಕೆ?"

"ನಾಲ್ಕು ಚೀಲ ಇಡ್ಲಿಕ್ಕೆ ಜಾಗ ಬೇಕಲ್ಲ. ಬರುವ ವರ್ಷದ್ದು." ಬೆನ್ನು ತಿರುಗಿಸಿಯೇ ಹೇಳಿದ. "ರೂಪೇಶನ ಹತ್ರ ಎಂಟು ತರ್ಲಿಕ್ಕೆ ಹೇಳು. ನರ್ಸರಿಯವನಿಗೆ ನಾನು ಫೋನ್ ಮಾಡ್ತೇನೆ."

ಮರುದಿನ ಸಂಜೆ ಎಂಟು ಚೀಲ ಬಂತು. ನಾಲ್ಕನ್ನು ಗದ್ದೆಗೆ ಎರಚಿದರು. ಕುಕ್ಕಪ್ಪ ಒಂದು ಬದಿಯಿಂದ, ದೀಕ್ಷಿತಾ ಇನ್ನೊಂದು ಬದಿಯಿಂದ, ಮೂಗಿಗೆ ಬಟ್ಟೆ ಕಟ್ಟಿಕೊಂಡು. ನಡುವಲ್ಲಿ ಎದುರಾದಾಗ ಅವನು, ಕೈ ಇನ್ನೂ ಸ್ವಲ್ಪ ಅಗಲಕ್ಕೆ ಬೀಸು ಎಂದ. ಅವಳು ಆಗಲಿ ಎನ್ನಲಿಲ್ಲ. "ಅಗಲ ಬೀಸಿದ್ರೆ ಗಾಳಿಗೆ ನಿಮ್ಮ ಮೇಲೆಯೇ ಬರ್ತದೆ ಮಾವ," ಎಂದಳು. ದಂಡೆಯಲ್ಲಿ ನಿಂತ ರೂಪೇಶ, ತಾನು ಮೊದಲೇ ನಾಲ್ಕು ಹೇಳಿದ್ದೆ ಎಂದು ನೆನಪಿಸಿದ. ಯಾರೂ ಒಪ್ಪಲಿಲ್ಲ.

ಬಕೆಟು ಬಚ್ಚಲಿನ ಮಾಡಿನಡಿಯೇ ಉಳಿಯಿತು. ಅಲಸಂಡೆ ಬೀಜದ ಡಬ್ಬಿ ಹಲಗೆಯಿಂದ ಕೆಳಗಿಳಿದ ಬೆಳಗ್ಗೆ ನೀಲಾವತಿ ಕೊನೆಯದೊಂದು ಕಾಗದ ಹರಿದು ಅದ್ದಿದಳು. ಕೆಂಪೂ ಅಲ್ಲ, ನೀಲಿಯೂ ಅಲ್ಲ. ಬೆಳಕಿಗೆ ಹಿಡಿದು ನೋಡಿದಳು. ಹಿತ್ತಲಿಗೆ ಬಂದ ದೀಕ್ಷಿತಾಳನ್ನು ಕರೆದು ತೋರಿಸಿದಳು. ಅವಳೂ ತಿರುಗಿಸಿ ತಿರುಗಿಸಿ ನೋಡಿದಳು.

"ಇದು ಯಾವ ಬಣ್ಣ ಅತ್ತೆ?"

"ನಂಗೆಂತ ಗೊತ್ತುಂಟು? ನೇರಳೆಯ ಹಾಗೆ ಕಾಣ್ತದೆ."

"ಮಾವನನ್ನು ಕರೆಯುದಾ?"

ನೀಲಾವತಿ ಕಾಗದವನ್ನು ಒಲೆಗೆ ಹಾಕಿದಳು.

"ಬೇಡ. ನೋಡಿದ್ರೆ ಸುಣ್ಣ ಸಾಕು ಹೇಳ್ತಾರೆ. ಇನ್ನೂ ಒಂದು ವರ್ಷ ಉಂಟಲ್ಲ."